ಹೋಗುವುದಕ್ಕೆ ಬರುವುದನ್ನು ಗಂಟು ಹಾಕಿದ ಮನೆ

ನಮ್ಮ ಮನೆಯಿಂದ ಯಾರೂ ಹೋಗುತ್ತಿರಲಿಲ್ಲ, ಎಲ್ಲರೂ ಬರುತ್ತಿದ್ದರು. ಹೊಲಕ್ಕೆ ಹೊರಟ ಅಪ್ಪ, ಕೆರೆಗೆ ಕೊಡ ಹೊತ್ತು ಹೊರಟ ಅವ್ವ, ಪಾಟಿಚೀಲ ಹೆಗಲಿಗೇರಿಸಿ ಸಾಲೆಗೆ ಓಡುವ ನಾನು, ಹೊಸ್ತಿಲು ದಾಟುವಾಗ ‘ಬರ್ತೀನಿ’ ಎನ್ನಲೇಬೇಕಿತ್ತು. ಕನ್ನಡ ಮಾತಾಡುವ ಯಾವ ಮನೆಯಲ್ಲಿ ಈ ಪದ್ಧತಿ ಇಲ್ಲ ಎಂದು ನೀವು ಕೇಳಬಹುದು. ಎಲ್ಲ ಕಡೆ ಇದೆ. ಆದರೆ ಬೇರೆಯವರ ಮನೆಯಲ್ಲಿ ಮರೆತರೆ ನಡೆಯುತ್ತದೆ, ನಮ್ಮಲ್ಲಿ ನಡೆಯುತ್ತಿರಲಿಲ್ಲ. ಅಪ್ಪನ ತಾಯಿಯನ್ನು ನಾನು ಆಯಿ ಎಂದು ಕರೆಯುತ್ತಿದ್ದೆ. ಆಯಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಮೊರದ ತುಂಬ ಕಡಲೆಬೇಳೆ ಹರವಿಕೊಂಡು, ಕಣ್ಣು ಕಾಳಿನ ಮೇಲೆ ಮತ್ತು ಕಿವಿ ಬಾಗಿಲ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದಳು. ಬಾಯಿ ತಪ್ಪಿ ಯಾರಾದರೂ ‘ಹೋಗ್ತೀನಿ’ ಅಂದರೆ ಮುಗಿಯಿತು. ಓಣಿಯ ತಿರುವು ಮುಟ್ಟಿದ್ದರೂ ಅವರನ್ನು ಕೂಗಿ ಕರೆಸುವಳು. ಬಂದವರು ಕಟ್ಟೆಯ ಮೇಲೆ ಕೂಡಬೇಕು, ಒಂದು ಗುಟುಕು ನೀರು ಕುಡಿಯಬೇಕು, ಮತ್ತೆ ಎದ್ದು ಸರಿಯಾಗಿ ಹೇಳಿ ಹೊರಡಬೇಕು. ಅಣ್ಣಿಗೇರಿ ಕಡೆಯಿಂದ ಸೈಕಲ್ಲಿನ ಮೇಲೆ ಅಡಿಗೆಯ ಬಾಂಡೆ ಮಾರಲು ಬರುತ್ತಿದ್ದವನಿಗೂ ಇದು ತಪ್ಪಿರಲಿಲ್ಲ.

“ಏ ತಮ್ಮಾ, ಹೊಳ್ಳಿ ಬಾ. ಕೂಡ್ರು. ನೀರು ಕುಡಿ. ಈಗ ಹೇಳು, ಏನಂತಿ?”

“ಬರ್ತೀನ್ರಿ ಯವ್ವಾ.”

“ಹಾಂ. ಬಾ.”

ಇದರ ಹಿಂದೆ ನಾನು ಹುಟ್ಟುವ ಮೊದಲಿನ ಒಂದು ಮಧ್ಯಾಹ್ನವಿತ್ತು. ಅಜ್ಜ ಯಾವುದೋ ಮಾತಿಗೆ ಅಪ್ಪನ ಮೇಲೆ ಸಿಟ್ಟಾಗಿ, ರೊಟ್ಟಿ ಮುರಿದ ತಾಟನ್ನು ಹಾಗೇ ಬಿಟ್ಟು, ‘ಹೋಗ್ತೀನಿ, ಇಟ್ಕೋರಿ ನಿಮ್ಮ ಮನಿ’ ಎಂದು ಎದ್ದವನು, ಮೆಣಸಿನಕಾಯಿ ಚೀಲ ತುಂಬಿದ ಟ್ರ್ಯಾಕ್ಟರ್ ಏರಿ ಹುಬ್ಬಳ್ಳಿಯ ದಾರಿ ಹಿಡಿದಿದ್ದ. ಆ ಟ್ರ್ಯಾಕ್ಟರ್ ಹಳ್ಳದ ಸೇತುವೆಯ ಮೇಲೆ ಮಗುಚಿತು, ಅಜ್ಜ ಉಳಿಯಲಿಲ್ಲ. ತಾನು ಕೂಗಿ ಕರೆದಿದ್ದರೆ ಅವನು ಹೊಳ್ಳುತ್ತಿದ್ದ, ನೀರು ಕುಡಿಯುತ್ತಿದ್ದ, ಸಿಟ್ಟು ಇಳಿಯುತ್ತಿತ್ತು, ಟ್ರ್ಯಾಕ್ಟರ್ ಅವನನ್ನು ಬಿಟ್ಟು ಹೋಗುತ್ತಿತ್ತು ಎಂದು ಆಯಿ ನಂಬಿದ್ದಳು. ಬಹುಶಃ ಅದು ನಿಜವೂ ಇರಬಹುದು. ಅಂದಿನಿಂದ ನಮ್ಮ ಹೊಸ್ತಿಲಿಗೆ ಆ ಕಾನೂನು ಬಂತು, ಅಪ್ಪ ಅದಕ್ಕೆ ಎಂದೂ ಎದುರಾಡಲಿಲ್ಲ.

ಇಂಥ ಮನೆಯೊಳಗೆ ಒಂದು ಚಳಿಗಾಲ ಫ್ರೆಂಚ್ ಭಾಷೆ ಬಂತು. ತಂದವನು ಅಪ್ಪನ ತಮ್ಮ ಈರಣ್ಣ ಕಾಕಾ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಪರೀಕ್ಷೆ ಅವನನ್ನು ಮೇಲಿಂದ ಮೇಲೆ ಕೆಡವಿತ್ತು. ಊರಿನಲ್ಲಿ ಅವನಿಗೆ ‘ಫೇಲ್ ಈರ್ಯಾ’ ಎಂದೇ ಹೆಸರು. ಹೇಗೋ ದಾಟಿ, ಓಟದ ಬಲದಿಂದ ಸೈನ್ಯ ಸೇರಿ, ಅಲ್ಲಿನ ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ಹೊತ್ತು ತರುವ, ವಾರ್ಡಿನಲ್ಲಿ ನೋಡಿಕೊಳ್ಳುವ ಕೆಲಸದಲ್ಲಿದ್ದ. ಮದುವೆಯಾಗಿರಲಿಲ್ಲ. ಆ ಸಲ ರಜೆಯಲ್ಲಿ ಬಂದಾಗ ಅವನ ಟ್ರಂಕಿನಲ್ಲಿ ಒಂದು ಝೆರಾಕ್ಸ್ ಪುಸ್ತಕ, ಒಂದು ಕ್ಯಾಸೆಟ್ ಇದ್ದವು. ಆಫ್ರಿಕಾದ ಕಾಂಗೋ ದೇಶಕ್ಕೆ ಶಾಂತಿ ಕಾಯಲು ಒಂದು ತಂಡ ಹೊರಡುವುದಿತ್ತು. ಅಲ್ಲಿಯ ರೋಗಿಗಳ ಜೊತೆ ಮಾತಾಡಲು ಫ್ರೆಂಚ್ ಬೇಕು, ಬಾಯಿಪರೀಕ್ಷೆಯಲ್ಲಿ ಪಾಸಾದವರಿಗೆ ಮೊದಲ ಅವಕಾಶ. ಅಪ್ಪನಿಗೆ ಇದು ಸೇರಲಿಲ್ಲ. ಈರಣ್ಣ ಹತ್ತಿರದ ಊರಿಗೆ ವರ್ಗ ಮಾಡಿಸಿಕೊಂಡು ಬರಬೇಕು, ಕುಂದಗೋಳದ ಕಡೆ ನೋಡಿಟ್ಟ ಹುಡುಗಿಯನ್ನು ಮದುವೆಯಾಗಬೇಕು ಎಂಬುದು ಅವನ ಲೆಕ್ಕ. ಮೊದಲ ದಿನದ ಊಟಕ್ಕೇ ಜಗಳ ಬಿತ್ತು. ಪುಂಡಿಪಲ್ಯೆ ತಾಟಿನಲ್ಲಿ ಆರುತ್ತಿತ್ತು, ಅಣ್ಣತಮ್ಮಂದಿರು ಕೈ ಒಣಗಿಸಿಕೊಂಡು ಕೂತಿದ್ದರು.

“ಬಂದೂಕು ಹಿಡಿದು ಬಡಿದಾಡೂ ದೇಶಕ್ಕ ನೀನ ಅರ್ಜಿ ಹಾಕಿ ಹೊಂಟೀಯಲ್ಲೋ. ತಲಿ ನೆಟ್ಟಗ ಐತೇನು?”

“ಅಣ್ಣಾ, ಇಡೀ ಊರು ನನಗ ಫೇಲ್ ಅಂತೈತಿ. ಒಂದ ಸಲನಾದರೂ ಬಾಯಿ ತೆಗೆದು ಪಾಸಾಗಬೇಕನಸತೈತಿ. ಅಷ್ಟ.”

ಆಯಿ ಇಬ್ಬರ ತಾಟಿಗೂ ಇನ್ನೊಂದು ರೊಟ್ಟಿ ಹಾಕಿದಳು. ಫೇಲಾಗುತ್ತಾನೆ ಬಿಡು ಎಂದು ಅವಳೂ ಒಳಗೊಳಗೆ ಧೈರ್ಯ ತಂದುಕೊಂಡಿದ್ದಳೆಂದು ಕಾಣುತ್ತದೆ. ಕಾಕಾನ ಪಾಠ ಒಪ್ಪಿಸಿಕೊಳ್ಳುವ ಕೆಲಸ ನನಗೆ ಬಂತು. ನಾನಾಗ ಏಳನೆಯ ತರಗತಿಯಲ್ಲಿದ್ದೆ. ಸಂಜೆ ದೀಪ ಹಚ್ಚಿ, ಹಣೆಗೆ ವಿಭೂತಿ ಹಚ್ಚಿಕೊಂಡು, ದೇವರ ಜಗಲಿಯ ಮುಂದೆ ಕೂತು ನಾನು ಮಗ್ಗಿ ಹೇಳಬೇಕು. ಅದು ಮುಗಿದ ಮೇಲೆ ಅದೇ ಮಣೆಯ ಮೇಲೆ ಕಾಕಾ ಕೂಡುವನು, ನಾನು ಪುಸ್ತಕ ಹಿಡಿಯುವೆ. ಪುಸ್ತಕದಲ್ಲಿ ಫ್ರೆಂಚ್ ಪದದ ಪಕ್ಕಕ್ಕೆ ಉಚ್ಚಾರಣೆಯನ್ನು ಹಿಂದಿ ಅಕ್ಷರದಲ್ಲಿ ಬರೆದಿತ್ತು. ಕ್ಯಾಸೆಟ್ಟಿನಲ್ಲಿ ಒಬ್ಬ ಹೆಂಗಸು ತೀರಾ ನಿಧಾನವಾಗಿ, ಒಂದೊಂದು ಮಾತಿನ ನಡುವೆ ನಮಗೆ ಜಾಗ ಬಿಟ್ಟು ಹೇಳುತ್ತಿದ್ದಳು. ಆಯಿ ಅವಳಿಗೆ ‘ಪೆಟ್ಟಿಗಿ ಹೆಂಗಸು’ ಎಂದು ಹೆಸರಿಟ್ಟಳು. ‘ಪಾಪ, ಅಕಿ ಧ್ವನಿ ಕೇಳಿದ್ರ ಇನ್ನೂ ಉಂಡಂಗಿಲ್ಲ’ ಎನ್ನುತ್ತಿದ್ದಳು.

ಆ ಭಾಷೆಯ ಧ್ವನಿಗಳನ್ನು ನಾವು ನಮ್ಮ ಮನೆಯಲ್ಲೇ ಹುಡುಕಿಕೊಂಡೆವು. ಇವತ್ತು ನಾನು ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಫ್ರೆಂಚ್ ಕಲಿಸುವಾಗ ಹಲಗೆಯ ಮೇಲೆ ನಾಲಗೆಯ ಚಿತ್ರ ಬರೆಯುತ್ತೇನೆ, ಆದರೆ ನನಗೆ ಕಲಿಸಿದ್ದು ಅಡಿಗೆಮನೆ. ಅವರ ಒಂದು ಸ್ವರ ನಮ್ಮ ಈಕಾರವೂ ಅಲ್ಲ, ಊಕಾರವೂ ಅಲ್ಲ. ಕಾಕಾ ಎಷ್ಟು ತಿಣುಕಿದರೂ ಬರಲಿಲ್ಲ. ಅವ್ವ ಊದುಗೊಳವೆ ಹಿಡಿದು ಒಲೆ ಊದುತ್ತಿದ್ದಾಗ ನನಗೆ ಹೊಳೆಯಿತು: ತುಟಿಯನ್ನು ಒಲೆ ಊದುವ ಹಾಗೆ ಇಟ್ಟುಕೊಂಡು ಒಳಗೆ ‘ಈ’ ಎನ್ನಬೇಕು. ಅದು ಬಂತು. ಗಂಟಲಿನಲ್ಲಿ ಉಜ್ಜುವ ಅವರ ರಕಾರ ನಮ್ಮ ಬಾಜು ಮನೆಯ ಹುಸೇನಬಿ ಚಾಚಿಯಲ್ಲಿ ಸಿಕ್ಕಿತು. ಅವಳು ‘ಗರೀಬ’ ಎಂದಾಗ ಮೊದಲಿನ ಅಕ್ಷರ ನಮ್ಮ ಗಕಾರದ ಹಾಗೆ ಗಟ್ಟಿಯಾಗಿರದೆ ಗಂಟಲ ಕೆಳಗಿನಿಂದ ಸವರಿಕೊಂಡು ಬರುತ್ತಿತ್ತು. ಕಾಕಾ ಅವಳನ್ನು ಕಟ್ಟೆಯ ಮೇಲೆ ಕೂಡಿಸಿ ಮತ್ತೆ ಮತ್ತೆ ಗರೀಬ ಎನ್ನಿಸಿದ. ‘ಸಾಕ್ ಮಾಡಪ್ಪಾ, ನನ್ನ ಬಡತನ ಊರಿಗೆಲ್ಲ ಕೇಳಸ್ತಿಯೇನು’ ಎಂದು ಅವಳು ಎದ್ದು ಹೋದಳು. ಮೂಗಿನ ಸ್ವರಕ್ಕೆ ಅಪ್ಪನ ಪೂಜೆಯೇ ದಾರಿ ತೋರಿಸಿತು. ಓಂ ಎನ್ನಬೇಕು, ಆದರೆ ಕೊನೆಗೆ ತುಟಿ ಮುಚ್ಚಬಾರದು. ‘ಅರ್ಧ ಓಂಕಾರ ಬಿಡೂ ವಿದ್ಯಾ ನಮ್ಮ ಮನ್ಯಾಗ ಬ್ಯಾಡ’ ಎಂದು ಅಪ್ಪ ಗದರಿದ. ಅವ್ವ ನಿಪ್ಪಾಣಿ ಕಡೆಯವಳು, ಸಿಟ್ಟು ಬಂದರೆ ಮರಾಠಿಗೆ ಹೊರಳುತ್ತಿದ್ದಳು. ಅಪ್ಪನ ಮೇಲೆ ಮರಾಠಿಯಲ್ಲಿ ಅವಳು ರೇಗಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಹೀಗೆ ಕನ್ನಡ, ಮರಾಠಿ, ಉರ್ದು, ಕಾಕಾನ ಸೈನ್ಯದ ಹಿಂದಿ ಎಲ್ಲವೂ ಒಂದೊಂದು ಹಿಡಿ ಹಾಕಿ ಆ ಪರದೇಶದ ಮಾತನ್ನು ನಮ್ಮ ಪಡಸಾಲೆಯಲ್ಲಿ ನಿಲ್ಲಿಸಿದವು.

ಅವರು ಬರೆದ ಅಕ್ಷರಗಳನ್ನೆಲ್ಲ ಓದುವುದಿಲ್ಲ, ಕೊನೆಯ ಎಷ್ಟೋ ಅಕ್ಷರ ಬಾಯಿಗೆ ಬರುವುದೇ ಇಲ್ಲ ಎಂದು ಕಾಕಾ ಗೋಳಾಡಿದಾಗ ಆಯಿ ನಕ್ಕಳು. ‘ಅದರಾಗೇನೈತಿ? ನಿಮ್ಮಪ್ಪನ ಹೆಸರು ರೇಷನ್ ಕಾರ್ಡಿನ್ಯಾಗ ಐತಿ, ನನ್ನ ಬಾಯಾಗ ಎಂದರ ಬಂದೈತೇನು?’ ಎಂದಳು. ಹಿರಿಯರಿಗೂ ಗುರುತಿಲ್ಲದವರಿಗೂ ಬೇರೆ ಮಾತಿದೆ, ನೀನು ಎನ್ನುವಂತಿಲ್ಲ ಎಂದು ತಿಳಿದಾಗ ಅವಳಿಗೆ ಆ ದೇಶದವರ ಮೇಲೆ ಸ್ವಲ್ಪ ವಿಶ್ವಾಸ ಬಂತು. ‘ಹಂಗಾದ್ರ ಆ ಮಂದಿಗೂ ರೀ ಐತಿ ಅನ್ನು.’ ಹಸಿವಾಗಿದೆ ಎನ್ನುವುದಕ್ಕೆ ಅವರು ನನ್ನ ಹತ್ತಿರ ಹಸಿವು ಇದೆ ಎನ್ನುತ್ತಾರೆ ಎಂಬುದು ಮಾತ್ರ ಅವಳಿಗೆ ಹಿಡಿಸಲಿಲ್ಲ. ಹಸಿವನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ಕೇಳಿದಳು.

ಕ್ರಿಯಾಪದಗಳನ್ನು ಕಾಕಾ ಅವ್ವ ರೊಟ್ಟಿ ಬಡಿಯುವ ತಾಳಕ್ಕೆ ಕಲಿತ. ನಮಗೆ ಅದು ಕಷ್ಟವಾಗಲಿಲ್ಲ. ನಾ, ನೀ, ಅಂವ ಎಂದು ಬದಲಾದ ಹಾಗೆ ಕ್ರಿಯಾಪದದ ಬಾಲ ಬದಲಾಗುವುದು ಕನ್ನಡದವರಿಗೆ ಹೊಸದೇನಲ್ಲ. ಇರುವುದು, ಉಣ್ಣುವುದು, ಕುಡಿಯುವುದು ಮುಗಿದು ಒಂದು ಸಂಜೆ ಹೊಸ ಪಾಠ ಬಂತು. ಜ ವೆ, ತು ವಾ, ಇಲ್ ವಾ. ಹೇಳಲು ಅಗದಿ ಸಲೀಸು. ನಾನೂ ಕಾಕಾನ ಜೊತೆ ಧ್ವನಿ ಸೇರಿಸಿದೆ, ಮರುದಿನ ಕಸ ಗುಡಿಸುವಾಗಲೂ ಅದೇ, ದನಕ್ಕೆ ಮೇವು ಹಾಕುವಾಗಲೂ ಅದೇ. ಕೆಲವು ದಿನ ಇದನ್ನು ಕೇಳಿ ಆಯಿಗೂ ತಾಳ ಹಿಡಿದಿರಬೇಕು, ಮೊರ ಕೇರುತ್ತ ಕೇಳಿದಳು.

“ಗಿರ್ಜಿ, ಇದೇನ ಬೇ ಹಾಡಿನಂಗ ಚಂದ ಐತಿ. ಏನಂದಂಗಾತು?”

“ನಾ ಹೋಗ್ತೀನಿ, ನೀ ಹೋಗ್ತಿ, ಅಂವ ಹೋಗ್ತಾನ.”

ಮೊರ ನಿಂತಿತು. ಆಯಿಯ ಮುಖ ಬಿಳಿಚಿಕೊಂಡದ್ದನ್ನು ನಾನು ಅದೇ ಮೊದಲು ಕಂಡದ್ದು. ಸಿಟ್ಟಾಗುತ್ತಾಳೆ ಎಂದುಕೊಂಡೆ, ಅವಳು ಅಂಜಿದ್ದಳು. ಆಯಿ ಪ್ರತಿವರ್ಷ ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬರುವವಳು. ಹರಕೆ ಹೊತ್ತವರು ಸಕ್ಕರೆ ಒಯ್ಯುತ್ತಾರೆ, ದರ್ಗಾ ನೋಡಿಕೊಳ್ಳುವ ಮುಜಾವರ ಅದರ ಮುಂದೆ ಹರಕೆಯವರ ಹೆಸರು ಹಿಡಿದು ಏನೋ ಓದುತ್ತಾರೆ, ಆ ಓದಿಕೆ ಯಾರಿಗೂ ತಿಳಿಯುವುದಿಲ್ಲ, ಆದರೆ ಹತ್ತುತ್ತದೆ, ಫಲ ಕೊಡುತ್ತದೆ. ತಿಳಿಯದ ಮಾತನ್ನು ದೀಪದ ಮುಂದೆ ಕೂತು ಮತ್ತೆ ಮತ್ತೆ ಹೇಳಿದರೆ ಹತ್ತುತ್ತದೆ ಎಂಬುದು ಅವಳಿಗೆ ಕಣ್ಣಾರೆ ಕಂಡ ಸತ್ಯ. ಅಂಥದರಲ್ಲಿ ಅವಳ ಮನೆಯ ಜಗಲಿಯ ಮುಂದೆ, ವಿಭೂತಿ ಹಚ್ಚಿಕೊಂಡು, ಅವಳ ಕಿರಿಯ ಮಗ ಹೋಗ್ತೀನಿ ಹೋಗ್ತೀನಿ ಎಂದು ಓದಿಕೆ ಮಾಡಿದ್ದ, ಮೊಮ್ಮಗಳು ಅದಕ್ಕೆ ಧ್ವನಿ ಕೂಡಿಸಿದ್ದಳು.

“ಆ ಪೆಟ್ಟಿಗಿ ಬಂದ್ ಮಾಡ್ರಿ. ಈರ್ಯಾ, ಈ ಮಾತು ನನ್ನ ಮನ್ಯಾಗ ಬ್ಯಾಡ.”

“ಯವ್ವಾ, ಅದು ಬರೇ ಪಾಠ. ಇದೊಂದ ಬಿಟ್ರ ನಾ ಮತ್ತ ಫೇಲ್.”

“ಫೇಲಾಗು. ಜೀವಂತ ಇದ್ದು ಫೇಲಾಗು.”

ಕಾಕಾ ಪುಸ್ತಕ ಮುಚ್ಚಿಟ್ಟು ಹಿತ್ತಲಿಗೆ ಹೋದ. ಅವನು ಬಾವಿಯ ಕಟ್ಟೆಗೆ ಕೂತು ತುಟಿ ಅಲ್ಲಾಡಿಸುವುದು ನನಗೆ ಕಾಣುತ್ತಿತ್ತು. ಧ್ವನಿ ಹೊರಡಿಸದೆ ಅದೇ ಪಾಠ ಹೇಳಿಕೊಳ್ಳುತ್ತಿದ್ದ. ಕೆಲವು ದಿನ ಹೀಗೇ ಕಳೆದವು. ಅಪ್ಪ ಬೇಡವೆಂದದ್ದನ್ನೇ ಆಯಿಯೂ ಬೇಡವೆಂದಿದ್ದಳು, ಆದರೂ ಅಪ್ಪನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಈರಣ್ಣ ತಾಟಿನ ಮುಂದೆ ತಲೆ ತಗ್ಗಿಸಿ ಕೂಡುವುದು ಅವನಿಗೂ ನೋಡಲಾಗುತ್ತಿರಲಿಲ್ಲ. ಕೊನೆಗೆ ದಾರಿ ಹುಡುಕಿದವಳು ಹುಸೇನಬಿ ಚಾಚಿ. ಮೊಸರು ಕೇಳಲು ಬಂದವಳು ಕಟ್ಟೆಯ ಮೇಲೆ ಕೂತು ವಿಷಯವನ್ನೆಲ್ಲ ಕೇಳಿಸಿಕೊಂಡು, ಆಯಿಯ ಭಯವನ್ನು ನಗೆಯಾಡಲಿಲ್ಲ.

“ನೋಡಬೇ, ಓದಿಕಿ ಅಂದಮ್ಯಾಲ ತೆಗೆಯೂದೂ ಇರತೈತಿ, ಮುಚ್ಚೂದೂ ಇರತೈತಿ. ನಾವು ಕಡೀಕ ಆಮೀನ್ ಅನ್ನಲಾರದ ಏಳಂಗಿಲ್ಲ. ಈ ಹುಡುಗ ಅರ್ಧಕ್ಕ ಬಿಟ್ಟು ಏಳತಾನ. ಅದನ್ನ ಮುಚ್ಚೂ ಮಾತು ಆ ಪುಸ್ತಕದಾಗ ಇಲ್ಲೇನು, ಕೇಳು.”

ಇತ್ತು. ಮುಂದಿನ ಪುಟದಲ್ಲೇ ಬರುವುದು ಎಂಬ ಕ್ರಿಯಾಪದ ಇತ್ತು. ಜ ವಿಯಾಂ, ತು ವಿಯಾಂ, ಇಲ್ ವಿಯಾಂ. ನಾ ಬರ್ತೀನಿ, ನೀ ಬರ್ತಿ, ಅಂವ ಬರ್ತಾನ. ಆಯಿ ಅದರ ಅರ್ಥವನ್ನು ನನ್ನಿಂದಲೂ ಕಾಕಾನಿಂದಲೂ ಬೇರೆ ಬೇರೆಯಾಗಿ ಕೇಳಿ ತಿಳಿದುಕೊಂಡಳು. ಆಮೇಲೆ ಹೊಸ್ತಿಲಿನ ಕಾನೂನು ಫ್ರೆಂಚಿಗೂ ಬಂತು. ಹೋಗುವ ಪಾಠ ತೆಗೆದವರು ಬರುವ ಪಾಠ ಮುಗಿಸದೆ ಮಣೆಯಿಂದ ಏಳುವಂತಿಲ್ಲ, ನಡುವೆ ಉಸಿರು ಬಿಡುವಂತಿಲ್ಲ. ಎರಡಕ್ಕೂ ಗಂಟು ಬಿತ್ತು. ಕಾಕಾ ರಜೆ ಮುಗಿಯುವತನಕ ಹಾಗೆಯೇ ಹೇಳಿದ, ಆಯಿ ಎದುರಿಗೆ ಕೂತು ಕೊನೆಯ ಮಾತು ಬೀಳುವವರೆಗೆ ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವನ ಬಾಯಿಗೆ ಅದು ಎಷ್ಟು ಕೂಡಿತೆಂದರೆ, ಒಂದನ್ನು ಹೇಳಿದರೆ ಇನ್ನೊಂದು ತಾನೇ ಬರುತ್ತಿತ್ತು. ಹೊರಡುವ ದಿನ ಹೊಸ್ತಿಲಲ್ಲಿ ‘ಬರ್ತೀನಿ ಯವ್ವಾ’ ಎಂದು ಕನ್ನಡದಲ್ಲಿ ಹೇಳಿ, ನನ್ನ ಕಡೆ ತಿರುಗಿ ಎರಡೂ ಪಾಠ ಗಂಟು ಬಿಡದೆ ಒಪ್ಪಿಸಿದ. ಆಯಿ ‘ಬಾ’ ಎಂದಳು.

ಪರೀಕ್ಷೆಯಾದ ಮೇಲೆ ಕಿರಾಣಿ ಅಂಗಡಿಯ ಫೋನಿಗೆ ಅವನ ಕರೆ ಬಂತು. ನಾವೆಲ್ಲ ಓಡಿದೆವು. ಹೋಗುವುದನ್ನು ಹೇಳು ಎಂದು ಸಾಹೇಬರು ಕೇಳಿದರಂತೆ, ಇವನು ಹೇಳುತ್ತ ಹೇಳುತ್ತ ತಡೆಯಲಾಗದೆ ಬರುವುದಕ್ಕೂ ನುಗ್ಗಿಬಿಟ್ಟನಂತೆ. ‘ಯಾಕೆ, ನಾನು ಕೇಳಲಿಲ್ಲವಲ್ಲ’ ಎಂದದ್ದಕ್ಕೆ ‘ಸಾಬ್, ನಮ್ಮ ಮನ್ಯಾಗ ಹಂಗ’ ಎನ್ನುವುದನ್ನು ಹಿಂದಿಯಲ್ಲಿ ಹೇಳಿದನಂತೆ. ಅವರು ನಕ್ಕು ಪಾಸು ಮಾಡಿದರು. ಅಪ್ಪ ಫೋನಿನಲ್ಲಿ ‘ಚೊಲೊ ಆತು’ ಎಂದಷ್ಟೇ ಹೇಳಿದ. ಆದರೆ ಮನೆಗೆ ಬರುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ನಿಂತು ನಿಂತು, ‘ನಮ್ಮ ಈರಣ್ಣ ಪಾಸಾದ’ ಎಂದ.

ಅವನು ಇಲ್ಲದ ಆ ವರ್ಷ ದೀಪ ಹಚ್ಚಿದ ಮೇಲೆ ನಾನು ಮಗ್ಗಿ ಬಿಟ್ಟು ಅವನ ಪಾಠ ಹೇಳುತ್ತಿದ್ದೆ. ಆಯಿ ಕೇಳಿ ಹೇಳಿಸುತ್ತಿದ್ದಳು. ಬೇರೆ ಯಾವ ಕ್ರಿಯಾಪದವೂ ಅವಳಿಗೆ ಬೇಕಿರಲಿಲ್ಲ. ಅವಳು ಬಾಯಿ ತೆರೆದು ಒಂದು ಮಾತೂ ಹೇಳಿದವಳಲ್ಲ, ಆದರೆ ನಾನು ಬರುವುದರ ಕೊನೆಗೆ ಮುಟ್ಟುವಾಗ ಸೆರಗು ಕಣ್ಣಿಗೊತ್ತಿಕೊಂಡು ದೀಪಕ್ಕೆ ಕೈಮುಗಿಯುತ್ತಿದ್ದಳು. ಕಾಕಾ ತಿರುಗಿ ಬಂದರೆ ಯಮನೂರಿಗೆ ಅವನ ಕೈಯಿಂದಲೇ ಸಕ್ಕರೆ ಕೊಡಿಸುತ್ತೇನೆ ಎಂದು ಹರಕೆ ಹೊತ್ತಿದ್ದಳು.

ಕಾಕಾ ತಿರುಗಿ ಬಂದ. ಗಾಯವಿರಲಿಲ್ಲ, ಸೊರಗಿದ್ದ. ಆಯಿ ಅವನ ಮೈಯೆಲ್ಲ ತಡವಿ ನೋಡಿದಳು, ಅವ್ವ ಹೋಳಿಗೆ ಮಾಡಿದಳು. ನಾನು ಅಷ್ಟರಲ್ಲಿ ಕ್ಯಾಸೆಟ್ಟನ್ನು ಸವೆಯುವಷ್ಟು ಕೇಳಿದ್ದೆ. ಅವನು ಊಟಕ್ಕೆ ಕೂತಾಗ ಪೆಟ್ಟಿಗೆ ಹೆಂಗಸಿನ ಧಾಟಿಯಲ್ಲೇ, ಹಸಿವಾಗಿದೆಯೇ ಎಂದು ಫ್ರೆಂಚಿನಲ್ಲಿ ಕೇಳಿದೆ. ಅವನು ಕೈಯಲ್ಲಿದ್ದ ತುತ್ತನ್ನು ಇಳಿಸಿದ. ‘ಅದನ್ನ ಕೇಳಬ್ಯಾಡ ಗಿರ್ಜಿ. ಆ ಮಾತು ಅಲ್ಲಿ ಭಾಳ ಕೇಳೀನಿ’ ಎಂದ. ಆಮೇಲೆ ನಾನು ಕೇಳಲಿಲ್ಲ. ಆದರೆ ಮನೆಯವರನ್ನೆಲ್ಲ ಬೆಚ್ಚಿಸಿದ್ದು ಬೇರೆ. ಮರುದಿನ ಬೆಳಿಗ್ಗೆ ಅವನು ಹೊಲಕ್ಕೆ ಹೊರಟವನು ಏನೂ ಹೇಳದೆ ಹೊಸ್ತಿಲು ದಾಟಿದ. ಹೋಗ್ತೀನಿ ಎಂದೂ ಅನ್ನಲಿಲ್ಲ, ಬರ್ತೀನಿ ಎಂದೂ ಅನ್ನಲಿಲ್ಲ. ಆಯಿ ಕೂಗಿದಳು. ಅವನು ನಿಂತ, ತಿರುಗಿ ನೋಡಿದ, ಬರಲಿಲ್ಲ. ಅದರ ಮರುದಿನವೂ ಹಾಗೇ. ಅಪ್ಪನಿಗೆ ಸಿಟ್ಟು ತಡೆಯಲಾಗಲಿಲ್ಲ.

“ಏನಲೇ, ಪರದೇಶ ನೋಡಿ ಬಂದಮ್ಯಾಲ ಅವ್ವಗ ಒಂದು ಮಾತು ಹೇಳಾಕೂ ನಾಲಗಿ ಭಾರ ಆತೇನು?”

“ಭಾರ ಆಗೇತಿ ಅಣ್ಣಾ,” ಎಂದ ಕಾಕಾ. “ಖರೇನ ಭಾರ ಆಗೇತಿ.”

ಹರಕೆ ತೀರಿಸಲು ಆಯಿ, ಕಾಕಾ ಮತ್ತು ನಾನು ಯಮನೂರಿಗೆ ಹೋದೆವು. ಬಸ್ಸಿನಲ್ಲಿ ಆಯಿ ಸಕ್ಕರೆಯ ಪೊಟ್ಟಣವನ್ನು ಉಡಿಯಲ್ಲಿ ಇಟ್ಟುಕೊಂಡಿದ್ದಳು, ಕಾಕಾ ಕಿಟಕಿಯ ಹೊರಗೆ ಎರೆಹೊಲಗಳನ್ನು ನೋಡುತ್ತ ಕೂತಿದ್ದ. ದರ್ಗಾದಲ್ಲಿ ಮುಜಾವರ ಸಕ್ಕರೆ ಇಸಿದುಕೊಂಡು, ಯಾರ ಹೆಸರಿನಿಂದ ಓದಲಿ ಎಂದು ಎಂದಿನಂತೆ ಕೇಳಿದರು. ಆಯಿ ‘ನನ್ನ ಮಗ ಈರಣ್ಣ’ ಎಂದಳು. ಅವರು ಬಾಯಿ ತೆರೆಯುವ ಮೊದಲೇ ಕಾಕಾ ತಡೆದ.

“ಇನ್ನೊಂದು ಹೆಸರು ಐತ್ರಿ. ಜೋಸೆಫಿನ್. ಅದನ್ನೂ ಕೂಡಸ್ರಿ.”

ಮುಜಾವರ ಯಾರು ಏನು ಎಂದು ಕೇಳಲಿಲ್ಲ. ಎರಡೂ ಹೆಸರು ಹಿಡಿದು ಓದಿದರು. ಆಯಿ ದರ್ಗಾಕ್ಕೆ ಕೈಮುಗಿದು ಹೊರಗೆ ಬಂದಳು. ಬೆಣ್ಣೆಹಳ್ಳದ ದಂಡೆಯ ಜಾಲಿಗಿಡದ ನೆರಳಿಗೆ ಕೂತು, ರೊಟ್ಟಿಯ ಗಂಟು ಬಿಚ್ಚುತ್ತ, ‘ಯಾರಕಿ?’ ಎಂದಳು. ಯಾವುದಾದರೂ ಹುಡುಗಿಯ ಗೋಜಿರಬೇಕು ಎಂದು ಅವಳಿಗೆ ಅನ್ನಿಸಿತ್ತೆಂದು ಕಾಣುತ್ತದೆ. ಕಾಕಾ ಸಕ್ಕರೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಹೇಳಿದ.

“ನಿನ್ನಷ್ಟ ವಯಸ್ಸಿನಾಕಿ ಯವ್ವಾ. ಅಲ್ಲಿ ಅವ್ವಗ ಮಾಮಾ ಅಂತಾರ, ನಾನೂ ಅಕಿಗೆ ಹಂಗ ಕರೀತಿದ್ದೆ. ಅಕಿ ಮಂದಿ ಎಲ್ಲಾ ದಿಕ್ಕಾಪಾಲಾಗಿದ್ರು. ಕಾಲಿಗೆ ಪೆಟ್ಟಾಗಿ ನಮ್ಮ ದವಾಖಾನಿಗೆ ಬಂದಿದ್ಲು. ದಿನಾ ಪಟ್ಟಿ ಬದಲಿ ಮಾಡಾಂವ ನಾನ. ಸಂಜಿಮುಂದ ನಾ ಹೊಂಡೂವಾಗ ಕೈ ಹಿಡಿದು ಕೇಳತಿದ್ಲು, ನಾಳೆ ಬರ್ತೀಯೇನಂತ. ನನ್ನ ಬಾಯಾಗ ಗಂಟು ಹಾಕಿದ್ದು ಐತಲ್ಲ, ಹೋಗ್ತೀನಿ, ಬರ್ತೀನಿ ಅಂತಿದ್ದೆ. ನಗತಿದ್ಲು. ನಾ ಬರೂತನಕ ಊಟ ಮುಟ್ಟತಿದ್ದಿಲ್ಲ.”

“ಮುಂದ?”

“ನಮ್ಮನ್ನ ಬ್ಯಾರೆ ಕಡೆ ಕಳಸೂ ಹುಕುಂ ಬಂತು. ಮರುದಿನ ನಸುಕಿನ್ಯಾಗ ಹೊಂಡೂದು. ನನಗ ಗೊತ್ತಿತ್ತು ಯವ್ವಾ, ಇನ್ನ ಈ ಕಡೆ ಬರೂದಿಲ್ಲಂತ. ಆ ಸಂಜಿ ಅಕಿ ಕೈ ಹಿಡಿದು ಕೇಳಿದ್ಲು. ನಾನು ಹೋಗ್ತೀನಿ ಅಂದೆ. ಅಲ್ಲೇ ನಿಂದ್ರಬೇಕಾಗಿತ್ತು. ಬಾಯಿ ನಿಂದ್ರಲಿಲ್ಲ. ಬರ್ತೀನಿ ಅಂದುಬಿಟ್ಟೆ. ಅಕಿ ಇನ್ನೂ ಉಣ್ಣದ ಕುಂತಾಳ ಅನಸತೈತಿ. ಅದಕ್ಕ ಯಾರಿಗೂ ಬರ್ತೀನಿ ಅನ್ನಾಕ ಆಗವಲ್ದು.”

ಆಯಿ ರೊಟ್ಟಿ ಮುರಿಯಲಿಲ್ಲ. ಹಳ್ಳದ ಆಚೆ ಯಾರೋ ಎತ್ತುಗಳ ಮೈ ತೊಳೆಯುತ್ತಿದ್ದರು. ತಾನು ಮಗನನ್ನು ಉಳಿಸಿಕೊಳ್ಳಲು ಹಾಕಿದ ಗಂಟು ದೂರದ ಇನ್ನೊಬ್ಬ ಮುದುಕಿಯನ್ನು ಕಟ್ಟಿ ಹಾಕಿದೆ ಎಂದು ಅವಳಿಗೆ ತಿಳಿದಿತ್ತು. ಅದು ನನಗೂ ಆ ವಯಸ್ಸಿನಲ್ಲೇ ತಿಳಿಯಿತು. ಅಜ್ಜನ ದಾರಿ ನೋಡಿದ ದಿನಗಳು ಆಯಿಗೆ ನೆನಪಾಗಿರಬೇಕು. ಹೆಣವನ್ನು ಕಣ್ಣಾರೆ ಕಂಡ ಮೇಲೂ ಎಷ್ಟೋ ದಿನ ಎರಡು ತಾಟು ಹಾಕುತ್ತಿದ್ದಳಂತೆ, ಅವ್ವ ಹೇಳಿದ್ದಳು. ತಿರುಗಿ ಊರಿಗೆ ಬರುವ ಬಸ್ಸಿನಲ್ಲಿ ಅವಳು ಒಂದೇ ಮಾತು ಕೇಳಿದಳು. ಆ ದೇಶ ನಮ್ಮ ಮನೆಯಿಂದ ಯಾವ ದಿಕ್ಕಿಗೆ ಎಂದು. ಕಾಕಾ, ಹೊತ್ತು ಮುಳುಗುವ ಕಡೆಗೆ ಎಂದ.

ನಮ್ಮ ತಲೆಬಾಗಿಲು ಪಶ್ಚಿಮಕ್ಕಿತ್ತು. ದೀಪ ಹಚ್ಚಿದ ಮೇಲೆ ಆಯಿ ಕಾಕಾನನ್ನು ಹೊಸ್ತಿಲ ಒಳಗೆ ಮುಖ ಹೊರಗೆ ಮಾಡಿ ನಿಲ್ಲಿಸಿದಳು. ಅವ್ವ ಒಲೆ ಬಿಟ್ಟು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಳು, ಅಪ್ಪ ಕಟ್ಟೆಯಿಂದ ಎದ್ದ. ಆಯಿ ತಂಬಿಗೆಯಲ್ಲಿ ನೀರು ತಂದು ಕಾಕಾನಿಗೆ ಕೊಟ್ಟಳು.

“ನೀರು ಕುಡಿ. ಈಗ ಅಕಿಗೆ ಸರಿಯಾಗಿ ಹೇಳು. ಹೋಗ್ತೀನಿ ಅನ್ನು.”

“ಯವ್ವಾ, ಈ ಮನ್ಯಾಗ...”

“ನಾನ ಹೇಳಾಕತ್ತೀನಿ, ಅನ್ನು. ಅಕಿಗೆ ತಿಳಿಯೂ ಮಾತಿನ್ಯಾಗ ಅನ್ನು. ಗಿರ್ಜಿ, ನೀ ಒಪ್ಪಿಸಿಕೊ.”

ನಾನು ಅವನ ಎದುರಿಗೆ ನಿಂತೆ. ಕಾಕಾ ಬಾಯಿ ತೆರೆದ. ಮೂಗಿನ ಸ್ವರ, ಗಂಟಲ ರಕಾರ, ಒಲೆ ಊದುವ ತುಟಿ ಎಲ್ಲ ಕಲಿತಿದ್ದವನಿಗೆ ಅತ್ಯಂತ ಸಲೀಸಾದ ಆ ಎರಡು ಮಾತು ಹೊರಡಲಿಲ್ಲ. ಹೊರಟಾಗ ಅದರ ಬೆನ್ನಿಗೇ ಇನ್ನೊಂದು ನುಗ್ಗಿತು. ಜ ವೆ, ಜ ವಿ— ಎನ್ನುವಷ್ಟರಲ್ಲಿ ಆಯಿ ಕೈಯೆತ್ತಿದಳು. ‘ನಿಂದ್ರು. ಅಷ್ಟ ಸಾಕು. ಮತ್ತ ಹೇಳು.’ ಅವನು ಮತ್ತೆ ಹೇಳಿದ, ಮತ್ತೆ ನುಗ್ಗಿತು. ಪಾಠ ಮುಂದುವರಿಸು ಎಂದು ಮಕ್ಕಳನ್ನು ಗದರಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ನಿಲ್ಲಿಸುವುದನ್ನು ಕಲಿಸಿದವಳನ್ನು ಅವಳೊಬ್ಬಳನ್ನೇ ನೋಡಿದ್ದು. ಕೊನೆಗೆ ಕಾಕಾ ತುಟಿಯನ್ನು ಹಲ್ಲಿನಿಂದ ಒತ್ತಿ ಹಿಡಿದು, ಬಾಗಿಲ ಆಚೆಯ ಕೆಂಪು ಬಾನಿಗೆ, ‘ಮಾಮಾ ಜೋಸೆಫಿನ್, ಜ ವೆ’ ಎಂದ. ನಿಂತ. ಮುಂದೆ ಏನೂ ಬರಲಿಲ್ಲ. ಮನೆಯಲ್ಲಿ ಅಷ್ಟು ವರ್ಷ ಯಾರೂ ಆಡದ ಮಾತು ಗಂಟಿಲ್ಲದೆ ಹೊಸ್ತಿಲು ದಾಟಿ ಹೋಯಿತು.

ಆಯಿ ನನ್ನ ಕಡೆ ನೋಡಿದಳು. ಸರಿಯಾಗಿದೆ ಎಂದು ನಾನು ತಲೆಯಾಡಿಸಿದೆ. ಆಗ ಕಾಕಾ ಅಲ್ಲೇ ಕುಸಿದು ಕೂತು ಅತ್ತ. ಅಪ್ಪ ಬಂದು ಅವನ ಪಕ್ಕದಲ್ಲಿ ಕೂತ, ಬೆನ್ನ ಮೇಲೆ ಕೈಯಿಟ್ಟ. ಆ ಸಂಜೆ ಅವರಿಬ್ಬರೂ ಒಂದೇ ತಾಟಿನಲ್ಲಿ ಉಂಡರು. ಮರುದಿನ ಬೆಳಿಗ್ಗೆ ಕಡಲೆಹೊಲಕ್ಕೆ ಹೊರಟ ಕಾಕಾ ಹೊಸ್ತಿಲಲ್ಲಿ ನಿಂತು, ‘ಬರ್ತೀನಿ ಯವ್ವಾ, ಮಧ್ಯಾಹ್ನದ ರೊಟ್ಟಿಗೆ’ ಎಂದ. ಹಾಗೆಯೇ ಬಂದ.

ಆ ಹೆಂಗಸು ಏನಾದಳು ಎಂದು ನಮಗೆ ಎಂದೂ ತಿಳಿಯಲಿಲ್ಲ. ನಾನು ಧಾರವಾಡದಲ್ಲಿ ಓದಿ ಆ ಭಾಷೆಯನ್ನೇ ಹೊಟ್ಟೆಪಾಡು ಮಾಡಿಕೊಂಡೆ. ಆ ಎರಡು ಪಾಠಗಳನ್ನು ಒಂದೇ ದಿನ ಕಲಿಸಬೇಡಿ ಎಂದು ಪುಸ್ತಕಗಳು ಹೇಳುತ್ತವೆ, ನಾನು ಒಂದೇ ದಿನ ಕಲಿಸುತ್ತೇನೆ, ನಡುವೆ ಉಸಿರು ತೆಗೆದುಕೊಳ್ಳಿ ಎಂದು ಮಾತ್ರ ಹೇಳುತ್ತೇನೆ. ಆಯಿಯನ್ನು ನಾನು ಕೊನೆಯ ಸಲ ಕಂಡದ್ದು ಕಾಲೇಜಿನ ಪರೀಕ್ಷೆಗೆ ತಿರುಗಿ ಹೊರಟ ದಿನ. ಅವಳು ಪಡಸಾಲೆಯಲ್ಲಿ ಅದೇ ಕಂಬದ ಪಕ್ಕ ಹೊರಸಿನ ಮೇಲೆ ಮಲಗಿದ್ದಳು, ಊಟ ಬಿಟ್ಟಿದ್ದಳು, ಮಾತು ಸಣ್ಣಗಾಗಿತ್ತು. ಸೈನ್ಯ ಬಿಟ್ಟು ಬಂದಿದ್ದ ಕಾಕಾ ಬಾಗಿಲಲ್ಲಿ ನನ್ನ ಚೀಲ ಹಿಡಿದು ನಿಂತಿದ್ದ.

“ಬರ್ತೀನಿ ಆಯಿ.”

“ಬಾ,” ಎಂದಳು. ಸ್ವಲ್ಪ ತಡೆದು, “ನಾ ಹೋಗ್ತೀನಿ,” ಎಂದಳು.

ನನಗೆ ಅವಳ ಕಾನೂನೇ ನೆನಪಾಯಿತು. ತಂಬಿಗೆಯ ನೀರು ತಂದು ತುಟಿಗೆ ಹಿಡಿದೆ. ಅವಳು ಒಂದು ಗುಟುಕು ಕುಡಿದಳು. ಈಗ ಸರಿಯಾಗಿ ಹೇಳು ಎಂದೆ. ಅವಳು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಸರಿಯಾಗೇ ಹೇಳೀನಿ. ಹೋಗ್ತೀನಿ. ನನ್ನ ದಾರಿ ಯಾರೂ ನೋಡಬ್ಯಾಡ್ರಿ, ಹೊತ್ತಿಗೆ ಸರಿಯಾಗಿ ಉಣ್ರಿ.”

ನಾನು ಕಾಕಾನ ಕಡೆ ನೋಡಿದೆ. ಅವನು ಪಾಠ ಒಪ್ಪಿಸಿಕೊಂಡವರ ಹಾಗೆ ತಲೆಯಾಡಿಸಿದ.